ಕೊಂಡಿ ಕಳಚಿದ ನೀಲಿ ಕಾರು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಸ್ಪೇನ್‌ನ ಅಲ್ಮೆರಿಯಾ ಕರಾವಳಿಯ ಪೊಲೀಸ್ ಠಾಣೆಗೆ ಹಸಿಂತಾ ಎಂಬ ಹೆಂಗಸು ಬಂದು ದೂರು ಕೊಟ್ಟಳು. ಹಿಂದಿನ ಸಂಜೆ ಆಕೆಯ ಗಂಡ ಎವುಲೋಹಿಯೊ ಬಾದಾಮಿ ತೋಟದಿಂದ ಸೈಕಲ್ಲಿನಲ್ಲಿ ಮರಳುವಾಗ ಕಾರೊಂದು ಬಡಿದು, ನಿಲ್ಲದೆ ಹೋಗಿತ್ತು. ಸೊಂಟದ ಮೂಳೆ ಮುರಿದು ಆತ ಆಸ್ಪತ್ರೆಯಲ್ಲಿದ್ದ. ಚಿಕ್ಕ ಕಾರು, ನೀಲಿ ಬಣ್ಣ; ಅವನಿಗೆ ನೆನಪಿದ್ದದ್ದು ಅಷ್ಟೇ.

"ನಾಯಿಗೆ ಬಡಿದ್ರೂ ಜನ ಇಳಿದು ನೋಡ್ತಾರೆ," ಎಂದಳು ಹಸಿಂತಾ.

ಸಾರ್ಜೆಂಟ್ ಕಸಿಲ್ದಾ ಎಫ್‌ಐಆರ್ ದಾಖಲಿಸಿ, ಪೇದೆ ಒನೊಫ್ರೆಯೊಂದಿಗೆ ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದಳು. ಬ್ರೇಕ್ ಹಾಕಿದ ಗುರುತು ಎಲ್ಲೂ ಇರಲಿಲ್ಲ. ಸಿಕ್ಕಿದ್ದು ಹೆಡ್‌ಲೈಟಿನ ಚೂರುಗಳು. ಅವು ಬಲಗಡೆ ಸ್ಟಿಯರಿಂಗ್ ಇರುವ ಇಂಗ್ಲೆಂಡಿನ ಕಾರಿನವು ಎಂದು ಮೆಕ್ಯಾನಿಕ್ ಹೇಳಿದ. ಆ ರಸ್ತೆ ಮುಗಿಯುವುದು ಇಂಗ್ಲಿಷರು ಚಳಿಗಾಲ ಕಳೆಯುವ ಕ್ಯಾಂಪಿನಲ್ಲಿ.

ಅಲ್ಲಿ ವಾಸಕ್ಕೆ ಹಾಸಿಗೆ, ಒಲೆ ಎಲ್ಲ ಇರುವ ಮೋಟರ್‌ಹೋಮ್ ಒಂದರ ಪಕ್ಕ ನೀಲಿ ಕಾರು ನಿಂತಿತ್ತು. ಒಂದು ಹೆಡ್‌ಲೈಟ್ ಒಡೆದಿತ್ತು. ಮಾಲೀಕ ಕ್ಲಿಫರ್ಡ್ ಹೆಸ್ಕೆತ್, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮುದುಕ. ಕೇಳುವ ಮೊದಲೇ ತಪ್ಪೊಪ್ಪಿಕೊಂಡ: ಕಾರನ್ನು ಮೋಟರ್‌ಹೋಮಿನ ಹಿಂದೆ ಕಟ್ಟಿ ಎಳೆದುಕೊಂಡು ಬರುತ್ತಿದ್ದನಂತೆ, ತಿರುವಿನಲ್ಲಿ ಕೊಂಡಿ ಕಳಚಿತಂತೆ, ಯಾರಿಗೋ ಬಡಿದದ್ದು ತಿಳಿಯದೆ ಮತ್ತೆ ಸಿಕ್ಕಿಸಿಕೊಂಡು ಬಂದನಂತೆ.

"ಹಾಗೆ ಎಳ್ಕೊಂಡು ಬರೋದು ಸ್ಪೇನ್‌ನಲ್ಲಿ ಕಾನೂನುಬಾಹಿರ. ಗೊತ್ತಿತ್ತಾ?"

"ಗೊತ್ತಿತ್ತು. ನಮ್ಮೂರಲ್ಲಿ ಯಾರೂ ತಡೆಯಲ್ಲ. ಇಲ್ಲಿ ದಂಡ ಹಾಕ್ತಾರೆ ಅಂತ ಗಡೀಲೇ ಹೇಳಿದ್ರು. ತಪ್ಪೆಲ್ಲ ನಂದೇ."

ಕಸಿಲ್ದಾ ಕೊಂಡಿಯನ್ನು ನೋಡಿದಳು. ಅದರ ಮೇಲೆ ವಾರಗಟ್ಟಲೆಯ ಧೂಳಿತ್ತು. ಎಳೆಯುವ ಸರಳುಗಳು ಮೋಟರ್‌ಹೋಮಿನೊಳಗೆ ಹಾಸಿಗೆಯ ಕೆಳಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದವು. ಒನೊಫ್ರೆ ಕಾರಿನ ಬಾಗಿಲು ತೆಗೆದು, "ಸಾರ್ಜೆಂಟ್, ಸೀಟು ನೋಡಿ," ಎಂದ. ಅದು ಸ್ಟಿಯರಿಂಗಿಗೆ ಅಂಟಿಕೊಂಡಷ್ಟು ಮುಂದಿತ್ತು. ಅಲ್ಲಿ ಕ್ಲಿಫರ್ಡನ ಮೊಣಕಾಲು ಹಿಡಿಸುವಂತಿರಲಿಲ್ಲ.

ಒಳಗೆ ಅವನ ಹೆಂಡತಿ ವಿನಿಫ್ರೆಡ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಸಿಲ್ದಾ ಕಿಟಕಿಯಾಚೆ ನಿಂತ ಜೀಪು ತೋರಿಸಿ, ಅದರ ನಂಬರ್ ಓದಿ ಎಂದಳು. ವಿನಿಫ್ರೆಡ್ ಓದಲಿಲ್ಲ. ಅವಳ ಮುಖ ಕುತ್ತಿಗೆಯವರೆಗೂ ಕೆಂಪೇರಿತು. ಗಂಡನೆದುರು ಇದನ್ನು ಕೇಳಬಾರದಿತ್ತು ಎಂದು ಆಗಲೇ ಅನ್ನಿಸಿ ಕಸಿಲ್ದಾ ತಲೆ ತಗ್ಗಿಸಿದಳು.

"ಕ್ಲಿಫ್, ಸಾಕು," ಎಂದಳು ವಿನಿಫ್ರೆಡ್. "ಓಡಿಸಿದ್ದು ನಾನು."

ಗಡಿಯಲ್ಲಿ ಕೊಂಡಿ ಬಿಚ್ಚಿದ ಮೇಲೆ, ಕಾರನ್ನು ನೀನು ನನ್ನ ಹಿಂದೆ ಓಡಿಸಿಕೊಂಡು ಬಾ ಎಂದು ಕ್ಲಿಫರ್ಡ್ ಹೇಳಿದ್ದ. ಅಂದಿನಿಂದ ಕಾರು ಓಡಿಸುತ್ತಿದ್ದವಳು ಅವಳೇ, ನಿನ್ನೆ ಸಂಜೆಯೂ. ಎರಡು ಕಣ್ಣೂ ಮಸುಕಾಗುತ್ತಿವೆ, ಸ್ಟಿಯರಿಂಗ್ ಮುಟ್ಟಬೇಡಿ ಎಂದು ಊರಿನ ಡಾಕ್ಟರು ಎಚ್ಚರಿಸಿದ್ದನ್ನು ಅವಳು ಅವನಿಗೆ ಹೇಳಿರಲಿಲ್ಲ.

"ಬಡಿದಾಗ ಏನಂದ್ಕೊಂಡ್ರಿ?"

"ಮನುಷ್ಯನ ಕೂಗು ಕೇಳಿಸ್ತು. ನಿಂತಿದ್ರೆ ಯಾಕೆ ಕಾಣಲಿಲ್ಲ ಅಂತ ಹೇಳ್ಬೇಕಾಗ್ತಿತ್ತು."

ಮಧ್ಯಾಹ್ನ ಹನ್ನೆರಡೂವರೆಗೆ ಬಂಧನ ದಾಖಲಾಯಿತು. ಸುಳ್ಳು ಹೇಳಿಕೆಗಾಗಿ ಕ್ಲಿಫರ್ಡನೂ ಠಾಣೆಗೆ ಹೊರಡಬೇಕಾಯಿತು.

"ನನಗೆ ಹೇಳ್ಬಾರ್ದಿತ್ತಾ, ವಿನಿ?"

"ನಾಚಿಕೆಯಾಯ್ತು."

ಮೋಟರ್‌ಹೋಮಿನಿಂದ ಇಳಿಯುವಾಗ ಅವಳು ಮೆಟ್ಟಿಲನ್ನು ಕಾಲಿನಿಂದ ತಡವಿ ಹುಡುಕಿದಳು. ಚಳಿಗಾಲವಿಡೀ ಅವಳು ಹಾಗೇ ಇಳಿಯುತ್ತಿದ್ದಳು. ಮಂಡಿನೋವು ಎಂದುಕೊಂಡು ಕ್ಲಿಫರ್ಡ್ ಕೇಳಿರಲೇ ಇಲ್ಲ. ಈಗ ಕೈ ಚಾಚಿದ. ಕೈ ಅಲ್ಲಿದೆಯೆಂದು ಅವಳಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು.