ಗಾಳಿ ಕುಡಿದ ಸುಣ್ಣ

ಅಂಪಾರೊ ಸುಣ್ಣದ ಬುಟ್ಟಿಯನ್ನು ನಿಕಾನೋರನ ಕಾಲ ಬುಡಕ್ಕೆ ಒಗೆದಳು. ಭಟ್ಟಿಯ ಮುಂದೆ ಸುಟ್ಟ ಕಲ್ಲು ಆರಿಸುತ್ತಿದ್ದವನ ಮೀಸೆಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತು.

"ಇದೇನು ಸುಣ್ಣವಾ, ಬೂದಿಯಾ? ಹೇಳಿ ಸಾಹೇಬರೇ!"

ಈಸ್ಟರ್ ಹಬ್ಬದ ನಂತರ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಓಹಾಕಾ ಸೀಮೆಯಲ್ಲಿ ಪ್ರೀತಿಸಿದವಳು ಹೀಗೆ ಮರ್ಯಾದೆ ಕೊಡತೊಡಗಿದರೆ ಗಂಡಸು ಹೆದರಲೇಬೇಕು.

"ನಾಳೆ ನನ್ನ ತಮ್ಮನ ಮದುವೆ. ರೊಟ್ಟಿ ಹಿಟ್ಟಿಗೆ ಸಿಪ್ಪೆ ಬಿಡಲಿ ಅಂತ ನಿನ್ನೆ ಹಂಡೆಗಟ್ಟಲೆ ಮೆಕ್ಕೆಜೋಳ ಈ ಸುಣ್ಣದ ನೀರಲ್ಲೇ ಬೇಯಿಸಿ ನೆನೆಹಾಕಿದ್ವಿ. ಬೆಳಿಗ್ಗೆ ನೋಡಿದ್ರೆ ಒಂದು ಕಾಳೂ ಸಿಪ್ಪೆ ಬಿಟ್ಟಿಲ್ಲ! ಊರೆಲ್ಲ ಉಣ್ಣೋಕೆ ಬರುತ್ತೆ. ರೊಟ್ಟಿ ಬದಲು ನಿಮ್ಮ ತಲೆ ಬಡಿಸಲಾ?"

ನಿಕಾನೋರ್ ಒಂದು ಚಿಟಿಕೆ ಪುಡಿಯನ್ನು ನೀರಿಗೆ ಹಾಕಿದ. ಸದ್ದಿಲ್ಲ, ಹಬೆಯಿಲ್ಲ.

"ಗಾಳಿ ಕುಡಿದು ಸತ್ತಿದೆ."

"ನನಗೇ ಪಾಠನಾ? ಬುಟ್ಟಿ ತಂದ ಅತ್ತಿಗೆ ಪೇಟೆಯವಳು, ಅವಳಿಗೆ ತಿಳೀಲಿಲ್ಲ. ನಿಮಗೂ ತಿಳೀಲಿಲ್ವಾ? ಮಾತು ಬಿಟ್ಟಿದ್ದಕ್ಕೆ ಸೇಡು ತೀರಿಸ್ಕೊಂಡ್ರಾ?"

"ನಿನ್ನ ಅತ್ತಿಗೆ ಬಂದಾಗ ನಾನಿರ್ಲಿಲ್ಲ. ನಿನ್ನ ಮನೆಗೇ ಅಲ್ವಾ ಅಂತ ಅಪ್ಪ ಎತ್ತಿಕೊಟ್ಟ. ಆ ಬುಟ್ಟಿ ಅಂಪಾರೊದು, ಬೇರೆಯವರಿಗೆ ಕೊಡಬೇಡ ಅಂತ ನಾನೇ ಹೇಳಿಟ್ಟಿದ್ದೆ."

ಅವಳ ಹುಬ್ಬು ಮೇಲೇರಿತು. "ಯಾವಾಗ?"

"ಈಸ್ಟರ್ ಮುಗಿದ ವಾರ. ಒಳ್ಳೇ ಕಲ್ಲೆಲ್ಲ ಆರಿಸಿ ತುಂಬಿದ್ದೆ. ನೀನು ಬರ್ತೀಯ ಅಂತ."

ಈಸ್ಟರ್ ಊಟದಲ್ಲಿ, ಅವಳ ಅಣ್ಣಂದಿರು ಅವಳ ಮದುವೆಯ ಮಾತೆತ್ತಿದಾಗ, ಒಲೆ ಬಿಟ್ಟು ಏಳದವಳಿಗೆ ಗಂಡ ಯಾಕೆ ಎಂದು ಅವನ ಇದೇ ಬಾಯಿ ತಮಾಷೆ ಮಾಡಿತ್ತು. ಎಲ್ಲರೂ ನಕ್ಕಿದ್ದರು. ಅವಳು ತಟ್ಟೆ ಬಿಟ್ಟು ಎದ್ದಿದ್ದಳು. ಅಂಥ ಮಾತಾಡಿದವನಿಗೆ ಕಲ್ಲು ಆರಿಸುವ ಪ್ರೀತಿ ಬೇರೆ ಕೇಡು!

"ಬರ್ತೀನಿ ಅಂತ ಕೂತಿದ್ರಾ? ಸುಣ್ಣಕ್ಕೆ ಕಾಲಿಲ್ಲ. ನಿಮಗೂ ಇರ್ಲಿಲ್ವಾ?"

ನಿಕಾನೋರ್ ಭಟ್ಟಿಯ ಕಡೆ ತಿರುಗಿದ. ಆ ಬೆಳಿಗ್ಗೆ ತಾನೇ ತೆರೆದ ಭಟ್ಟಿಯಿಂದ ಒಂದು ಕಲ್ಲು ತಂದು ಮಡಕೆಯಲ್ಲಿಟ್ಟು ನೀರು ಸುರಿದ. ಕಲ್ಲು ಮೊದಲು ಸುಮ್ಮನಿತ್ತು. ಆಮೇಲೆ ಸುಂಯ್ ಎಂದು ಸಿಡಿದು, ಬೆಂಕಿಯೇ ಇಲ್ಲದೆ ಕೊತಕೊತ ಕುದಿಯಿತು.

"ಬೆಂಕಿ ಈ ಕಲ್ಲಿನೊಳಗಿನ ಇಂಗಾಲವನ್ನ ಆಮ್ಲಜನಕದ ಜೊತೆ ಹೊರಗೆ ಓಡಿಸುತ್ತೆ," ಎಂದ ಮೆಲ್ಲಗೆ. "ಉಳಿದದ್ದಕ್ಕೆ ನೆಮ್ಮದಿ ಇರಲ್ಲ. ಗಾಳಿಯಿಂದ ಅದನ್ನೇ ಮತ್ತೆ ಎಳ್ಕೊಂಡು ಕಲ್ಲಾಗುತ್ತೆ. ನಾನೂ ಹಾಗೇ. ನಿನ್ನ ಓಡಿಸ್ಕೊಂಡು…"

"ಮಾತು ಸಾಕು!" ಅವಳು ರೇಗಿದಳು. ಹಬೆಯ ಆಚೆಯಿಂದ ಅವನು ಕಣ್ಣು ಕದಲಿಸದೆ ನೋಡುತ್ತಿದ್ದ. ಅವಳ ಸಿಟ್ಟು ಇಳಿದಿರಲಿಲ್ಲ. ಅವನ ಮೇಲಿನ ಆಸೆಯೂ ಇಳಿದಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಹೊಸ ಕಲ್ಲು ತುಂಬು. ಸಂಜೆಯೊಳಗೆ ಮತ್ತೆ ಜೋಳ ಬೇಯಬೇಕು. ನೀನೇ ಹೊತ್ತು ತಾ. ಅಣ್ಣಂದಿರೆಲ್ಲ ಅಂಗಳದಲ್ಲಿದ್ದಾರೆ. ಅವತ್ತಿನ ಮಾತು ಅವರೆದುರೇ ನುಂಗು."

"ನುಂಗಿದ ಮೇಲೆ ನಿನ್ನ ಕೇಳ್ಲಾ?"

"ನುಂಗು ಮೊದಲು!"

ಅವನು ತುಂಬಿದ ಬುಟ್ಟಿ ಹೆಗಲಿಗೇರಿಸಿದ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಅಂಪಾರೊ ಹಿಂದಿನಿಂದ ಗದರಿದಳು.

"ನಿಲ್ಲೋ ಮಂಕೇ! ಮತ್ತೆ ತೆರೆದೇ ಒಯ್ತೀಯಲ್ಲ!"

ತನ್ನ ನೀಲಿ ಶಾಲನ್ನು ಬಿಚ್ಚಿ ಬುಟ್ಟಿಯ ಬಾಯಿಗೆ ಬಿಗಿಯಾಗಿ ಕಟ್ಟಿದಳು. ಆ ಶಾಲು ಯಾರದೆಂದು ಊರಿಗೆಲ್ಲ ಗೊತ್ತಿತ್ತು.