ಕೋರೆಗೆ ಇಳಿಸಿದ ಲಾಟೀನು

ಏಪ್ರಿಲ್ 17, ಬೆಳಿಗ್ಗೆ 8.10. ಬೆಳುವಾಯಿಯ ಕಾಂತಿ ಠಾಣೆಗೆ ಬಂದದ್ದು ಹೊಸ ದೂರು ಕೊಡಲಿಕ್ಕಲ್ಲ, ಬರೆದದ್ದನ್ನು ತಿದ್ದಿಸಲಿಕ್ಕೆ. ಎರಡು ದಿನದ ಹಿಂದೆ ಆಕೆಯ ಗಂಡ ಚಿನ್ನಯ್ಯ ಊರಿನ ಹಳೆಯ ಕೆಂಪುಕಲ್ಲಿನ ಕೋರೆಯ ತಳದಲ್ಲಿ ಸತ್ತು ಬಿದ್ದಿದ್ದ. ಅಸಹಜ ಸಾವಿನ ವರದಿಯಲ್ಲಿ ‘ಮದ್ಯದ ಅಮಲಿನಲ್ಲಿ ಆಯತಪ್ಪಿ ಬಿದ್ದು’ ಎಂದಿತ್ತು. ಯಾರೋ ಹೇಳಿದರು, ಠಾಣೆ ಬರೆಯಿತು, ಮರುದಿನ ಪೇಪರಿನಲ್ಲಿ ಬಂತು. ಬಡವ ಹೊಂಡದಲ್ಲಿ ಸತ್ತರೆ ಕುಡಿದೇ ಸತ್ತಿರಬೇಕು. ಅಷ್ಟು ತಿಳಿಯಲು ಮರಣೋತ್ತರ ಪರೀಕ್ಷೆ ಯಾರಿಗೆ ಬೇಕು?

“ಆ ಗೆರೆ ತೆಗೀರಿ ಮೇಡಂ. ನಾಳೆ ನನ್ನ ಮಗಳನ್ನು ಕುಡುಕನ ಮಗಳು ಅಂತ ಕರೀತಾರೆ. ಅವರು ಜನ್ಮದಲ್ಲಿ ಕುಡಿದವರಲ್ಲ.”

ಎರಡು ದಿನದ ಬಂದೋಬಸ್ತ್ ಮುಗಿಸಿ ಆಗಷ್ಟೇ ಬಂದಿದ್ದ ಇನ್‌ಸ್ಪೆಕ್ಟರ್ ಕುಸುಮ ಫೈಲು ಎಳೆದುಕೊಂಡರು.

“ಏನು ಕೆಲಸ ಮಾಡ್ತಿದ್ದರು?”

“ಬಾವಿ ಕೆಲಸ. ಕೆಸರು ತೆಗೆಯುವುದು, ಸಿಮೆಂಟಿನ ರಿಂಗು ಇಳಿಸುವುದು. ಇಪ್ಪತ್ತೆರಡು ವರ್ಷ. ಮೊದಲು ಲಾಟೀನು ಇಳಿಸಿ ನೋಡದೆ ಒಂದು ಬಾವಿಗೂ ಇಳಿದವರಲ್ಲ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ, ಆ ದಿನ ಕೆಲಸ ಇಲ್ಲ.”

“ಕೋರೆಗೆ ಯಾಕೆ ಇಳಿಸಲಿಲ್ಲ?”

“ಕೋರೆಗೆ ಯಾರು ದೀಪ ಇಳಿಸ್ತಾರೆ ಮೇಡಂ? ಆಕಾಶ ಕಾಣುವ ಜಾಗ ಅದು. ತಳದಲ್ಲಿ ನೀರು ಉಂಟು, ನಮ್ಮ ನಾಲ್ಕು ಮನೆಗೆ ಅದೇ ನೀರು. ಪಂಪಿನ ಫುಟ್‌ವಾಲ್ವ್ ಕಸ ಕಟ್ಟಿತ್ತು, ನೋಡಿ ಬರ್ತೇನೆ ಅಂತ ಬೆಳಿಗ್ಗೆ ಹೋದರು. ಮಧ್ಯಾಹ್ನ ಹೆಣ ಎತ್ತಲಿಕ್ಕೆ ಇಳಿದವನೂ ತಲೆ ತಿರುಗ್ತದೆ ಅಂತ ಹತ್ತಿ ಬಂದ. ಅವನೂ ಕುಡಿದಿದ್ದನಾ?”

ಕುಸುಮ ಆಸ್ಪತ್ರೆಗೆ ಫೋನು ಮಾಡಿದರು. ವರದಿ ಇನ್ನೂ ಟೈಪ್ ಆಗಿಲ್ಲ ಎಂದ ವೈದ್ಯರು, ಒತ್ತಾಯಿಸಿದ ಮೇಲೆ ಬಾಯಿ ಬಿಟ್ಟರು: ಬಿದ್ದ ಗಾಯ ಇಲ್ಲ, ಮದ್ಯದ ವಾಸನೆ ಇಲ್ಲ, ಉಸಿರುಕಟ್ಟಿ ಸಾವು.

“ಬಾವಾ, ಜೀಪು ತೆಗೀರಿ. ಇವರ ಮನೆಯಿಂದ ಆ ಲಾಟೀನು ತಕೊಳ್ಳುವ.”

ಹೆಡ್ ಕಾನ್‌ಸ್ಟೆಬಲ್ ಬಾವಾ ನಿಟ್ಟುಸಿರು ಬಿಟ್ಟರು. “ಹಾಡುಹಗಲು ಪೊಲೀಸರು ಲಾಟೀನು ಹಿಡ್ಕೊಂಡು ಹೋದರೆ ಜನ ಏನು ಹೇಳಿಯಾರು ಮೇಡಂ?”

“ಕುಡಿದಿದ್ದಾರೆ ಅಂತ ಹೇಳ್ತಾರೆ. ಬರೆಯಲಿಕ್ಕೆ ನಾವೇ ಇದ್ದೇವಲ್ಲ. ನಡೀರಿ.”

9.25. ಕೋರೆ ನಲವತ್ತು ಅಡಿ ಆಳ. ಎಲೆ ಅಲುಗದ ಸೆಕೆ. ತಳದ ನೀರಿನ ಬದಿಯಲ್ಲಿ ಎರಡು ಕಾಗೆ, ಒಂದು ಮುಂಗುಸಿ ಸತ್ತು ಬಿದ್ದಿದ್ದವು. ಅಂಚಿನಲ್ಲಿ ಅಗಲ ಚಕ್ರದ ಗುರುತು. ಅದರ ಪಕ್ಕ ಒಂದು ಮಾರು ಹುಲ್ಲು ಸುಟ್ಟ ಹಾಗೆ ಬೆಳ್ಳಗಾಗಿತ್ತು, ಆದರೆ ಬೂದಿ ಇರಲಿಲ್ಲ.

ಇಬ್ಬರು ಪಂಚರ ಎದುರು ಬಾವಾ ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಸಿದರು. ಇಪ್ಪತ್ತೈದು ಅಡಿಗೆ ದೀಪ ಆರಿತು. ಎಳೆದು, ಹಚ್ಚಿ, ಮತ್ತೆ ಇಳಿಸಿದರು. ಅಲ್ಲಿಗೇ ಆರಿತು. ಮೂರನೆಯ ಸಲ ಬಾವಾ ಬ್ಯಾರಿ ಭಾಷೆಯಲ್ಲಿ ಏನೋ ಗೊಣಗಿ ಎರಡು ಹೆಜ್ಜೆ ಹಿಂದೆ ಸರಿದರು. ಪಂಚನಾಮೆಯಲ್ಲಿ ಮೂರೂ ಸಲದ ಸಮಯ ದಾಖಲಾಯಿತು.

“ಇದು ಬೆಳಿಗ್ಗೆ ಬರುವ ಟ್ಯಾಂಕರಿನದ್ದೇ ಮೇಡಂ,” ಎಂದ ಒಬ್ಬ ಪಂಚ. “ಇವತ್ತೂ ಬಂದಿತ್ತು. ಬಿಳಿ ಮಂಜು ಏಳ್ತದೆ. ಪಂಚಾಯತಿನ ಸೊಳ್ಳೆ ಔಷಧಿ ಅಂತ ನಾವು ಲೆಕ್ಕ ಮಾಡಿದ್ದು.”

ಕೋರೆಗೆ ಕಾವಲು ಹಾಕಿಸಿ, 11.15ಕ್ಕೆ ಪೇಟೆಯ ಪೆಟ್ರೋಲ್ ಬಂಕಿನ ಸಿಸಿಟಿವಿ ನೋಡಿದರು. 15ರಂದು 5.52, ಈ ದಿನ 5.47: ಅದೇ ಬಿಳಿ ಟ್ಯಾಂಕರ್, ಹಿಂದೆ ‘ನೀಲಧಾರಾ’ ಎಂಬ ಹೆಸರು, ಕೆಳಗೆ ಒಂದು ಹಸಿರು ಎಲೆ. ಆ ಕಂಪೆನಿಯ ಯಾರ್ಡು ಫರಂಗಿಪೇಟೆಯಲ್ಲಿ.

ಅಲ್ಲಿ ಸಿಕ್ಕಿದ ಚಾಲಕ ನೌಫಲ್ ಏನನ್ನೂ ಮುಚ್ಚಿಡಲಿಲ್ಲ.

“ಟ್ಯಾಂಕರಿನಲ್ಲಿ ಏನು?”

“ಹಡಗಿನ ಹೊಗೆ ಮೇಡಂ.”

“ತಮಾಷೆಯಾ?”

“ಅಲ್ಲ ಮಾರಾಯ್ರೆ! ಹಡಗಿನ ಹೊಗೆಯಿಂದ ಗ್ಯಾಸ್ ಹಿಡಿದು, ತಾಗಿದರೆ ಹುಲ್ಲು ಸುಡುವಷ್ಟು ತಣ್ಣಗೆ ಮಾಡಿ, ನೀರಿನ ಹಾಗೆ ಮಾಡ್ತಾರೆ. ಸೋಡಾದಲ್ಲಿ ಇರುವುದೇ ಅದು ಅಂತ ಲತೇಶ್ ಸಾರ್ ಹೇಳಿದ್ದು. ಸೋಡಾ ಕುಡಿದು ಯಾರು ಸಾಯ್ತಾರೆ?”

“ಕೋರೆಗೆ ಬಿಡಲಿಕ್ಕೆ ಹೇಳಿದ್ದು?”

“ಅವರೇ. ಪೈಪು ಹೊಂಡದ ಒಳಗೆ ಇಳಿಸು, ಮೇಲೆ ಬಿಡಬೇಡ ಅಂತ. ಹನ್ನೊಂದು ಟ್ರಿಪ್ ಆಯಿತು.”

ಕಚೇರಿಯ ಗೋಡೆಯ ಮೇಲೆ ಸಮುದ್ರ, ಹಡಗು, ನಗುವ ಮಕ್ಕಳ ಚಿತ್ರ. ಕಪಾಟಿನಲ್ಲಿ ಹಡಗಿನವರಿಗೆ ಕೊಟ್ಟ ಹನ್ನೊಂದು ಪ್ರಮಾಣಪತ್ರಗಳ ಪ್ರತಿ: ‘ಹಡಗಿನ ಹೊಗೆಯಿಂದ ಹಿಡಿದ ಇಂಗಾಲದ ಡೈಆಕ್ಸೈಡನ್ನು ಭೂಮಿಯೊಳಗೆ ಸೇರಿಸಲಾಗಿದೆ. ವಾತಾವರಣಕ್ಕೆ ಬಿಟ್ಟದ್ದು: ಶೂನ್ಯ.’ ಸಹಿ, ಲತೇಶ್, ಯಾರ್ಡ್ ಉಸ್ತುವಾರಿ. ಭೂಮಿಯ ಆಳಕ್ಕೆ ಸೇರಿಸುವ ಬಾವಿ ಇನ್ನೂ ನಕ್ಷೆಯಲ್ಲೇ ಇತ್ತು. ಹಡಗುಗಳು ಮಾತ್ರ ಬರುತ್ತಲೇ ಇದ್ದವು.

ಆ ಮಧ್ಯಾಹ್ನ ಕುಸುಮ ಫೋನಿನಲ್ಲಿ ಕಳೆದರು. ಪರಿಸರ ಇಲಾಖೆಯವರು, ಆ ಅನಿಲ ನಮ್ಮ ಪಟ್ಟಿಯಲ್ಲಿಲ್ಲ ಎಂದರು. ಗಣಿ ಇಲಾಖೆಯವರು, ಕೆಲಸ ನಿಂತ ಕೋರೆ ನಮ್ಮ ದಾಖಲೆಯಲ್ಲಿಲ್ಲ ಎಂದರು. ಹಡಗಿನ ಏಜೆಂಟರು, ಬಂದರಿನ ಗೇಟು ದಾಟಿದ್ದು ನಮ್ಮದಲ್ಲ ಎಂದರು. ನೀಲಧಾರಾದ ವಕೀಲರು, ಲತೇಶ್ ಗುತ್ತಿಗೆಯವನು, ಕಂಪೆನಿಯವನೇ ಅಲ್ಲ ಎಂದರು.

ರಿಸೀವರ್ ಕುಕ್ಕಿ ಕುಸುಮ ಹೇಳಿದರು, “ಗ್ಯಾಸು ಯಾರದ್ದೂ ಅಲ್ಲ, ಹೊಂಡ ಯಾರದ್ದೂ ಅಲ್ಲ, ಮನುಷ್ಯ ಯಾರವನೂ ಅಲ್ಲ. ಹೆಣ ಒಂದು ಮಾತ್ರ ನಮ್ಮದು. ಬರೆಯಿರಿ ಬಾವಾ.”

ಸಂಜೆ 5.30ಕ್ಕೆ ಎಫ್‌ಐಆರ್ ಆಯಿತು. ಬಿಎನ್‌ಎಸ್ ಕಲಂ 105, ಕೊಲೆಯಲ್ಲದ ಮಾನವ ಹತ್ಯೆ. ಆರೋಪಿ ಒಂದು, ಲತೇಶ್. ಆರೋಪಿ ಎರಡು, ನೀಲಧಾರಾದ ನಿರ್ದೇಶಕರು.

ಏಪ್ರಿಲ್ 18, ಬೆಳಿಗ್ಗೆ 10.20, ಕಕ್ಕಿಂಜೆ. ಲತೇಶ್ ಮನೆಯ ಜಗಲಿಯಲ್ಲೇ ಕೂತಿದ್ದ. ನಲವತ್ತೆರಡರ ವಯಸ್ಸು, ಹದಿನಾರು ವರ್ಷ ಸರಕು ಹಡಗುಗಳಲ್ಲಿ ಇಂಜಿನಿಯರಾಗಿದ್ದವ. ಎದ್ದು ನಿಂತ, ಓಡಲಿಲ್ಲ.

“ಹಡಗಿನ ಇಂಜಿನ್ ರೂಮಿಗೆ ಬೆಂಕಿ ಬಿದ್ದರೆ ಏನು ಬಿಡ್ತೀರಿ?”

“ಇದೇ ಗ್ಯಾಸು. ಬೆಂಕಿಗೆ ಉಸಿರು ಸಿಗುವುದಿಲ್ಲ.”

“ಬಿಡುವ ಮೊದಲು?”

“ಸೈರನ್ ಊದಿ ಎಲ್ಲರ ತಲೆ ಎಣಿಸ್ತೇವೆ. ಒಬ್ಬ ಕಡಿಮೆ ಇದ್ದರೂ ಬಿಡುವುದಿಲ್ಲ.”

“ಬೆಳುವಾಯಿಯಲ್ಲಿ ಎಣಿಸಿದಿರಾ?”

ಲತೇಶ್, “ಪಾಳು ಕೋರೆ, ಯಾರೂ ಇಳಿಯುವುದಿಲ್ಲ ಅಂದುಕೊಂಡೆ,” ಎಂದ. “ಸತ್ತ ಸುದ್ದಿ ಪೇಪರಿನಲ್ಲಿ ನೋಡಿದೆ. ಕುಡಿದು ಬಿದ್ದದ್ದು ಅಂತ ಇತ್ತು. ಅದನ್ನೇ ನಂಬುವ ಅಂತ ಮನಸ್ಸು ಹೇಳಿತು.”

ಬಾವಾ ಕುಸುಮರ ಮುಖ ನೋಡಲಿಲ್ಲ. ಆ ಸಾಲು ಬರೆದದ್ದು ಅವರ ಠಾಣೆಯೇ.

10.50ಕ್ಕೆ ದಸ್ತಗಿರಿ. ಜೀಪು ಹತ್ತುವ ಮೊದಲು ಕುಸುಮ ಇನ್ನೊಂದು ಕೇಳಿದರು. “ಗುಡ್ಡದ ತುದಿಯಲ್ಲಿ ಬಿಟ್ಟಿದ್ದರೆ ಗಾಳಿಗೆ ಹೋಗ್ತಿತ್ತು, ಯಾರೂ ಸಾಯ್ತಿರಲಿಲ್ಲ. ಹೊಂಡವೇ ಯಾಕೆ?”

“ಹದಿನಾರು ವರ್ಷ ಸಮುದ್ರದ ಮೇಲೆ ಹೊಗೆ ಬಿಟ್ಟವ ನಾನು ಮೇಡಂ. ಹಿಡಿಯುವ ಕೆಲಸ ಉಂಟು ಅಂದಾಗ ಖುಷಿಯಿಂದ ಬಂದೆ. ಬಾವಿ ಇನ್ನೂ ಆಗಿಲ್ಲ, ಎಲ್ಲಾದರೂ ಖಾಲಿ ಮಾಡು, ಸೈನ್ ಹಾಕು ಅಂದರು ಕಂಪೆನಿಯವರು. ಗಾಳಿಗೇ ಬಿಟ್ಟು ‘ಭೂಮಿಯೊಳಗೆ’ ಅಂತ ಸೈನ್ ಹಾಕಲಿಕ್ಕೆ ಕೈ ಬರಲಿಲ್ಲ. ಹೊಂಡಕ್ಕೆ ಇಳಿಸಿದರೆ ಅರ್ಧವಾದರೂ ನಿಜ ಆಗ್ತದಲ್ಲ ಅಂತ…”

ಆ ಮಾತು ಹೇಳಿಕೆಯಲ್ಲಿ ಹಾಗೆಯೇ ದಾಖಲಾಯಿತು.

ಮಧ್ಯಾಹ್ನ 3.00. ಅಸಹಜ ಸಾವಿನ ಫೈಲಿಗೆ ಸೇರಿಸಿದ ತಿದ್ದುಪಡಿಯನ್ನು ಕುಸುಮ ಗಟ್ಟಿಯಾಗಿ ಓದಿದರು: ಮೃತರು ಮದ್ಯ ಸೇವಿಸಿರಲಿಲ್ಲ. ಕಾಂತಿ ಇನ್ನೊಂದು ಸಲ ಓದಿಸಿಕೊಂಡು, ನಿಧಾನವಾಗಿ ರುಜು ಹಾಕಿದಳು.

“ಲಾಟೀನು?”

“ಅದು ಮುದ್ದೆಮಾಲು, ಸಾಕ್ಷಿಯ ವಸ್ತು. ಕೇಸು ಮುಗಿದ ಮೇಲೆ ಕೋರ್ಟಿನಿಂದ ಸಿಗ್ತದೆ.”

“ಆಗಲಿ,” ಎಂದಳು ಕಾಂತಿ. “ಆದರೆ ಪೇಪರಿನವರಿಗೆ ಇವತ್ತೇ ಹೇಳಿ ಮೇಡಂ. ಅವತ್ತು ಎಷ್ಟು ಬೇಗ ಹೇಳಿದ್ದಿರೋ, ಅಷ್ಟೇ ಬೇಗ.”