ಕಂದು ಚುಕ್ಕೆಗಳ ಎಣಿಕೆ

ಟಕ್... ಟಕ್... ಟಕ್... ಟಿಕ್.

ಸರಿರಾತ್ರಿ ಸಮೀಪಿಸಿದ್ದ ಆ ಹೊತ್ತಿನಲ್ಲಿ, ಲ್ಯಾಬಿನ ಮುಚ್ಚಿದ ಬಾಗಿಲಾಚೆ ಆ ಸದ್ದು ಕೇಳಿ ಅವಳು ನಿಂತಲ್ಲೇ ನಿಂತಳು.

ಅವಳು ಬಂದದ್ದು ಫ್ರಿಜ್ ನೋಡಲು. ಸ್ಲೈಡುಗಳಿಗೆ ಬಣ್ಣ ಕಟ್ಟುವ ದ್ರಾವಣಗಳನ್ನಿಡುವ ಫ್ರಿಜ್ಜಿನ ಬಾಗಿಲು ಹಾಕಿದ್ದೆನೋ ಇಲ್ಲವೋ ಎಂಬ ಅನುಮಾನ ಊಟದ ತಟ್ಟೆಯ ಮುಂದೆ ಹುಟ್ಟಿ, ಅರ್ಧ ಊಟದಲ್ಲೇ ಎಬ್ಬಿಸಿಕೊಂಡು ಬಂದಿತ್ತು. ಲ್ಯಾಬಿನವರು ಈ ಡಾಕ್ಟರಿಗೆ ‘ಎರಡ್ಸಲ ಮೇಡಂ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಎಣಿಕೆಯ ಯಂತ್ರದ ಗುಂಡಿಗಳದು. ಸ್ತನ ಕ್ಯಾನ್ಸರಿನ ಗಡ್ಡೆಯ ಚೂರಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ, ಒಡೆದು ಎರಡಾಗಲು ಹೊರಟ ಕೋಶಗಳು ಕಂದಾಗಿ ಕಾಣುತ್ತವೆ, ಸುಮ್ಮನಿರುವವು ನೀಲಿ. ಕೆಐ-67 ಎಂಬ ಪ್ರೋಟೀನಿನ ಗುಣ ಅದು. ಕೋಶ ದುಡಿಯುವಾಗ ಇರುತ್ತದೆ, ದಣಿವಾರಿಸಿಕೊಳ್ಳಲು ಕೂತಾಗ ಇಲ್ಲವಾಗುತ್ತದೆ. ಕಂದಿಗೆ ಟಿಕ್, ನೀಲಿಗೆ ಟಕ್. ಕಂದು ಕಡಿಮೆಯಿದ್ದರೆ ಎಷ್ಟೋ ಹೆಂಗಸರಿಗೆ ಆಪರೇಷನ್ನಿನ ನಂತರ ಮಾತ್ರೆಯೇ ಸಾಕಾಗಬಹುದು. ಹೆಚ್ಚಿದ್ದರೆ ಕೀಮೋದ ಮಾತು ಬರುತ್ತದೆ.

ಬಾಗಿಲ ಗಾಜಿನಿಂದ ಇಣುಕಿದಳು. ಒರೆಗಲ್ಲು!

ಯಾರ ಎಣಿಕೆಯನ್ನೂ ಉಜ್ಜಿ ನೋಡದೆ ಬಿಡದವನೆಂದು ಅವಳೇ ಮನಸ್ಸಿನಲ್ಲಿ ಅವನಿಗಿಟ್ಟ ಹೆಸರದು. ಅದೇ ವಿಭಾಗದ ಡಾಕ್ಟರ್. ಪ್ರತಿ ಸ್ಲೈಡನ್ನೂ ಮೊದಲು ಅವಳು ಎಣಿಸಬೇಕು. ಆಮೇಲೆ, ಅವಳ ಅಂಕಿ ನೋಡದೆ, ಅವನು. ಎರಡೂ ಹತ್ತಿರ ಬಂದರಷ್ಟೇ ವರದಿ.

ಅವನು ಬಂದ ಹೊಸದರಲ್ಲಿ, ತುಂಬಿದ ಮೀಟಿಂಗಿನಲ್ಲಿ ಹೇಳಿದ್ದ. “ಕಾವಲು ಕೋಶಗಳನ್ನೂ ಗಡ್ಡೆಯ ಲೆಕ್ಕಕ್ಕೆ ಸೇರಿಸಿದ್ದಾರೆ. ಅದಕ್ಕೇ ಇವರ ಅಂಕಿ ಜಾಸ್ತಿ.” ರೋಗದ ವಿರುದ್ಧ ಹೋರಾಡಲು ದೇಹ ಕಳಿಸುವ ಪುಟ್ಟ ಕೋಶಗಳಿಗೂ ಕಂದು ಹತ್ತುತ್ತದೆ, ಅವನ್ನು ಬಿಟ್ಟು ಎಣಿಸಬೇಕು. ಅವನು ಹೇಳಿದ್ದು ಸರಿಯೇ. ಆದರೆ ಎಲ್ಲರೆದುರು... ಅವತ್ತಿನಿಂದ ಅವಳು ಅವನ ಮುಖ ನೋಡಿ ಮಾತಾಡಿರಲಿಲ್ಲ. ಅವಳು ಮುಗಿಸಿದ ಸ್ಲೈಡುಗಳನ್ನು ಅವನು ಮತ್ತೆ ಮತ್ತೆ ತೆಗೆದು ನೋಡುವುದನ್ನು ಮಾತ್ರ ಗಮನಿಸಿದ್ದಳು.

ಈಗಲೂ ಅವನ ಮುಂದಿದ್ದದ್ದು ಅವಳು ಮಧ್ಯಾಹ್ನ ಎಣಿಸಿಟ್ಟ ಟ್ರೇ.

ಬಾಗಿಲು ತಳ್ಳಿದಳು.

“ಹಗಲು ತಪ್ಪು ಹುಡುಕಿದ್ದು ಸಾಲದು ಅಂತ ರಾತ್ರಿನೂ ಶುರು ಮಾಡಿದ್ರಾ?”

ಅವನು ಬೆಚ್ಚಿ ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು. ಮೂಗಿನ ಮೇಲೆ, ಕೆನ್ನೆಯ ಮೇಲೆ ಮೈಕ್ರೋಸ್ಕೋಪಿನ ಒತ್ತು ಗುರುತು. ಎಷ್ಟು ಹೊತ್ತಿನಿಂದ ಕೂತಿದ್ದಾನೆ ಇವನು?

“ನಿಮಗೆ ಇದ್ರಲ್ಲಿ ಎಷ್ಟು ಬಂತು?” ಎಂದ.

“ಅದನ್ನ ನೀವು ಕೇಳೋ ಹಾಗಿಲ್ಲ, ನಾನು ಹೇಳೋ ಹಾಗಿಲ್ಲ. ನಿಯಮದ ಪಾಠ ಮಾಡಿದ್ದು ನೀವೇ.”

“ನನಗೆ ನೂರಕ್ಕೆ ಹನ್ನೆರಡು ಕಂದು ಬರ್ತಿದೆ. ಎಷ್ಟು ಸಲ ಎಣಿಸಿದ್ರೂ ಹನ್ನೆರಡು, ಹದಿಮೂರು...”

ಅವಳ ಅಂಕಿ ಮೂವತ್ತರ ಮೇಲಿತ್ತು. ಅಂದರೆ ತಾನು ಮತ್ತೆ ಕಾವಲು ಕೋಶಗಳನ್ನು ಸೇರಿಸಿಬಿಟ್ಟೆನೇ? ನಾಳೆ ಮತ್ತೆ ಅದೇ ಮೀಟಿಂಗು, ಅದೇ ಮುಖಗಳು...

ಆದರೆ ಇವನು ಯಾಕೆ ಒಂದೇ ಸ್ಲೈಡನ್ನು ಇಷ್ಟು ಸಲ ಎಣಿಸುತ್ತಿದ್ದಾನೆ? ತಪ್ಪು ಹಿಡಿದವನಿಗೆ ಒಂದೇ ಸಲ ಸಾಕಲ್ಲ.

“ಯಾರದ್ದು ಇದು?” ಎಂದು ಮೆಲ್ಲಗೆ ಕೇಳಿದಳು.

ಸ್ಲೈಡಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆಯಷ್ಟೇ. ಅವನು ಆ ಸಂಖ್ಯೆಯ ಮೇಲೆ ಹೆಬ್ಬೆರಳಿಟ್ಟ.

“ಅಕ್ಕಂದು. ಚೂರು ತೆಗೆಯುವಾಗ ನಾನೇ ಪಕ್ಕದಲ್ಲಿದ್ದೆ. ಬಾಟಲಿ ಮೇಲಿನ ನಂಬರ್ ಮರೆಯೋಕಾಗಲಿಲ್ಲ.”

ಅವಳು ಎದುರಿನ ಸ್ಟೂಲ್ ಎಳೆದುಕೊಂಡು ಕೂತಳು.

“ಮನೆಯವರ ಸ್ಲೈಡ್ ನಾವು ಓದಬಾರದು ಅಲ್ವಾ?”

“ಗೊತ್ತು. ಇನ್ನೂ ಸಹಿ ಹಾಕಿಲ್ಲ. ಒಂದು ಸಲ ನೋಡಿ ಎತ್ತಿಡೋಣ ಅಂದ್ಕೊಂಡೆ... ಬಿಡೋಕಾಗ್ಲಿಲ್ಲ.” ಅವನು ಕಣ್ಣುಜ್ಜಿಕೊಂಡ. “ಅವಳು ಶಾಲೆ ಟೀಚರ್. ಜ್ವರ ಬಂದ್ರೂ ರಜೆ ಹಾಕಿದವಳಲ್ಲ. ‘ಲೋ, ಕೂದಲು ಹೋದ್ರೆ ಮಕ್ಕಳು ಹೆದರ್ಕೋತಾವೆ ಕಣೋ, ಮಾತ್ರೆಲೇ ಮುಗಿಯತ್ತಾ ಹೇಳು’ ಅಂದ್ಲು. ಮುಗಿಯುತ್ತೆ ಅಂದ್ಬಿಟ್ಟೆ. ವರದಿ ಬರೋ ಮುಂಚೆನೇ ಮಾತು ಕೊಟ್ಬಿಟ್ಟೆ.”

ಹನ್ನೆರಡೇ ಸರಿಯಿರಲಿ ಎಂದು ಅವಳ ಮನಸ್ಸು ಬೇಡಿತು. ತಾನೇ ತಪ್ಪಿರಲಿ. ನಾಳೆ ಮೀಟಿಂಗಿನಲ್ಲಿ ತಲೆ ತಗ್ಗಿಸಿ ನಿಲ್ಲಲು ಈಗ ಅವಳು ಖುಷಿಯಿಂದ ಸಿದ್ಧಳಾಗಿದ್ದಳು.

ಅದು ಇಬ್ಬರು ಎದುರುಬದುರು ಕೂತು ಒಂದೇ ಜಾಗ ನೋಡುವ ಮೈಕ್ರೋಸ್ಕೋಪ್. ನಡುವೆ ಒಂದು ಹಸಿರು ಬಾಣ. ಒಬ್ಬರು ಸರಿಸಿದರೆ ಇನ್ನೊಬ್ಬರಿಗೂ ಕಾಣುತ್ತದೆ. ಇಬ್ಬರೂ ಬಗ್ಗಿದರು. ಮುಖ ನೋಡಿಕೊಳ್ಳದೆ ಇಷ್ಟು ಹತ್ತಿರ ಕೂತದ್ದು ಇದೇ ಮೊದಲು.

ಅವಳು ಬಾಣವನ್ನು ಒಂದು ಕಂದು ಚುಕ್ಕೆಯ ಪಕ್ಕಕ್ಕೆ ತಂದಳು.

“ಇದು?”

“ಕಾವಲು.”

ಹೌದು. ಸಾಸಿವೆ ಕಾಳಿನಷ್ಟು ದುಂಡಗೆ, ಬಿಡಿಯಾಗಿತ್ತು.

“ಇದು?”

“ಕಾವಲು.”

“ಇದು?”

“ಅದೂ... ಕಾವಲೇ.”

ಅವಳು ಬಾಣ ಸರಿಸಲಿಲ್ಲ. ಆ ಕೋಶ ದೊಡ್ಡದಿತ್ತು, ಅಂಚು ಸೊಟ್ಟ, ಪಕ್ಕದವುಗಳಿಗೆ ಅಂಟಿಕೊಂಡಿತ್ತು. ಓದುವ ಹುಡುಗರೂ ತಪ್ಪು ಹೇಳುವಂಥದ್ದಲ್ಲ.

ಅವಳಿಗೆ ಆಗ ಅರ್ಥವಾಯಿತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಕ್ಕನ ಮೈಯಲ್ಲಿ ಕಂಡದ್ದೆಲ್ಲ ಅವನಿಗೆ ಕಾಯಲು ಬಂದವರಂತೆಯೇ ಕಾಣುತ್ತಿತ್ತು. ಕಳ್ಳರೂ ಕಾವಲಿನವರಾಗಿದ್ದರು.

ಹನ್ನೆರಡು ಎಂದುಬಿಟ್ಟರೆ? ಒಂದೇ ಮಾತು. ಈ ದಣಿದ ಮುಖಕ್ಕೆ ಇವತ್ತೊಂದು ರಾತ್ರಿಯ ನಿದ್ದೆಯಾದರೂ ಸಿಗುತ್ತದೆ...

“ಇನ್ನೊಂದು ಸಲ ನೋಡಿ,” ಎಂದಳು. “ಎರಡನೇ ಸಲ.”

ಅವನು ಮತ್ತೆ ಕಣ್ಣಿಟ್ಟು ನೋಡಿದ. ಫ್ರಿಜ್ ಗುಂಯ್‌ಗುಡುತ್ತಿತ್ತು.

“ಗಡ್ಡೆದು,” ಎಂದ ಅವನು.

“ಇದು?”

“ಗಡ್ಡೆದು.”

“ಇದು?”

ತಲೆಯೆತ್ತಿ ನೋಡಿದಳು. ಅವನು ಇನ್ನೂ ಬಗ್ಗಿಯೇ ಇದ್ದ, ಭುಜ ಮಾತ್ರ ಅಲುಗುತ್ತಿತ್ತು. ಲ್ಯಾಬಿನ ಒರೆಗಲ್ಲು ಚಿಕ್ಕ ಮಗುವಿನಂತೆ, ಸದ್ದಿಲ್ಲದೆ ಅಳುತ್ತಿತ್ತು.

ಅವಳು ಎದ್ದು ಹೋಗಿ ಅವನ ಪಕ್ಕ ನಿಂತಳು. ಭುಜದ ಮೇಲೆ ಕೈಯಿಡಲೋ ಬೇಡವೋ ಎಂದು ಎರಡು ಸಲ ಯೋಚಿಸಿದಳು. ಇಟ್ಟಳು.

“ಜೋರಾಗಿ ಓಡೋ ಕೋಶಗಳಿಗೇ ಕೀಮೋ ಚೆನ್ನಾಗಿ ತಾಗೋದು. ಇದು ಸಮಾಧಾನಕ್ಕೆ ಹೇಳ್ತಿರೋ ಮಾತಲ್ಲ, ನಿಮಗೂ ಗೊತ್ತಿರೋದೇ.”

“ಗೊತ್ತು.” ತೋಳಿನಿಂದ ಮುಖ ಒರೆಸಿಕೊಂಡ. “ಬೆಳಿಗ್ಗೆ ನಮ್ಮ ವಿಭಾಗದ ದೊಡ್ಡ ಮೇಡಂಗೆ ಹೇಳ್ತೀನಿ, ಇದು ಅಕ್ಕಂದು, ನಾನು ಓದಲ್ಲ, ಎರಡನೇ ಎಣಿಕೆ ನೀವೇ ಮಾಡಿ ಅಂತ.”

“ಹಾಗೇ ಮಾಡಿ.”

“ಒಂದು ವಿಷಯ...” ಅವನು ತಡವರಿಸಿದ. “ನಾನು ನಿಮ್ಮ ಸ್ಲೈಡ್ ಮತ್ತೆ ತೆಗೀತಿದ್ದದ್ದು ತಪ್ಪು ಹುಡುಕೋಕಲ್ಲ. ವರದಿ ಹೋದ್ಮೇಲೆ, ನಿಮ್ಮ ಅಂಕಿಗೂ ನನ್ನದಕ್ಕೂ ಒಂಚೂರು ವ್ಯತ್ಯಾಸ ಇದ್ರೂ ನಿದ್ದೆ ಬರ್ತಿರಲಿಲ್ಲ. ನೋಡಿದ್ರೆ ಹೆಚ್ಚು ಸಲ ನೀವೇ ಸರಿ ಇರ್ತಿದ್ರಿ. ಅವತ್ತು ಮೀಟಿಂಗಲ್ಲಿ ಹಾಗೆ ಹೇಳಬಾರದಿತ್ತು. ಹೊರಗೆ ಕರೆದು ಹೇಳಬೇಕಿತ್ತು. ಕ್ಷಮಿಸಿ ಅನ್ನೋಕೆ ನಿಮ್ಮ ಬಾಗಿಲವರೆಗೂ ಬಂದು ವಾಪಸ್ ಹೋಗಿದ್ದೀನಿ.”

“ಎಷ್ಟು ಸಲ?”

“ಎಣಿಸಿಲ್ಲ.”

ಅವಳಿಗೆ ನಗು ಬಂತು. ಜೊತೆಗೇ ಕಣ್ಣೂ ತುಂಬಿತು. ಇಷ್ಟು ದಿನ ಹಲ್ಲು ಕಚ್ಚಿ ಹೊತ್ತಿದ್ದ ಆ ಸಿಟ್ಟು ಎಷ್ಟು ಭಾರವಿತ್ತೆಂದು ಇಳಿಸಿದ ಮೇಲೆ ತಿಳಿಯಿತು.

“ಸುಳ್ಳು ಹೇಳ್ತೀರೇನೋ ಅಂದ್ಕೊಂಡಿದ್ದೆ,” ಎಂದ ಅವನು. “ಹೇಳಿದ್ರೆ ಇವತ್ತು ನಂಬಿಬಿಡ್ತಿದ್ದೆ. ಆಮೇಲೆ ಜನ್ಮದಲ್ಲಿ ನಿಮ್ಮನ್ನ ನಂಬೋಕಾಗ್ತಿರಲಿಲ್ಲ. ಈಗ... ಈ ಲ್ಯಾಬಲ್ಲಷ್ಟೇ ಅಲ್ಲ, ಎಲ್ಲಾ ಕಡೆ ನನ್ನ ಪಕ್ಕದಲ್ಲಿ ನೀವಿದ್ರೆ ಸಾಕು ಅನ್ನಿಸ್ತಿದೆ.”

ಅವಳು ಸ್ಲೈಡನ್ನು ತೆಗೆದು ಟ್ರೇಯಲ್ಲಿಟ್ಟಳು. ಅದರ ಮೇಲೆ ಧೂಳು ಕೂರದಂತೆ ಮುಚ್ಚಿದಳು. ಆಮೇಲೂ ಅವನ ಪಕ್ಕದಿಂದ ದೂರ ಸರಿಯಲಿಲ್ಲ.

“ಅಕ್ಕನ ಡಾಕ್ಟರು ಅವಳಿಗೆ ವಿಷಯ ಹೇಳೋ ದಿನ, ನೀವೂ ಬರ್ತೀರಾ?”

“ಬರ್ತೀನಿ.”

“ಖಂಡಿತ?”

“ಎರಡು ಸಲ ಹೇಳಬೇಕಾ?”

“ಹೇಳಿ.”

“ಬರ್ತೀನಿ.”

ಅವನು ದೀಪ ಆರಿಸಿದ. ಅವಳು ಬೀಗ ಎಳೆದು ನೋಡಿದಳು. ಅವನು ಇನ್ನೊಂದು ಸಲ ಎಳೆದ.

ಮನೆಯಲ್ಲಿ ಅಮ್ಮ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು.

“ಏನೇ ಇಷ್ಟು ಹೊತ್ತು? ಫ್ರಿಜ್ ನೋಡೋಕೋ ಕಟ್ಟೋಕೋ ಹೋಗಿದ್ದು? ಕಣ್ಣು ಯಾಕೆ ಹಾಗಾಗಿದೆ?”

ಹೇಳಿಬಿಡಲೇ ಎನಿಸಿತು. ‘ಪಕ್ಕದಲ್ಲಿ ನೀವಿದ್ರೆ ಸಾಕು’ ಎಂದು ಅವನು ಹೇಳಿದ್ದನ್ನಾದರೂ... ಆದರೆ ಆ ಮಾತನ್ನು ಎತ್ತಿದರೆ, ಎಲ್ಲರ ತಪ್ಪು ಹಿಡಿಯುವ ಒಬ್ಬ ಗಂಡಸು ತನ್ನ ಅಕ್ಕನಿಗಾಗಿ ಕಣ್ಣಿದ್ದೂ ಕುರುಡಾಗಿ ಅತ್ತದ್ದೂ ಅದರ ಹಿಂದೆಯೇ ಬರುತ್ತದೆ. ಅದು ಅವಳು ಹೇಳುವ ವಿಷಯವಲ್ಲ. ಅಮ್ಮನಿಗೂ ಇಲ್ಲ, ಯಾರಿಗೂ ಇಲ್ಲ.

“ನಿದ್ದೆ ಅಮ್ಮ.”

“ಸರಿ, ಬಾಗಿಲು ಹಾಕಿತ್ತಾ?”

“ಹಾಕಿತ್ತು,” ಎಂದಳು ಅವಳು, ಅನ್ನ ಕಲೆಸಿಕೊಳ್ಳುತ್ತಾ.

ಫ್ರಿಜ್ಜನ್ನು ಅವಳು ನೋಡಿಯೇ ಇರಲಿಲ್ಲ.